ಮಳೆ ಕಳೆದ ಮೇಲೆ ಹಿಂದಿನ ಡಿಸ್ಕ್ ಬ್ರೇಕ್

ನಮ್ಮ ಕೊಡಗಿನಲ್ಲಿ ಹಿಂದಿನ ಬ್ರೇಕ್ ಪ್ಯಾಡ್ ತುಳಿದು ಸವೆಯುವುದಕ್ಕಿಂತ ಕೆಸರು, ತುಕ್ಕಿನಿಂದ ಕೆಡುವುದೇ ಹೆಚ್ಚು. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಹಿಂದಿನ ಡಿಸ್ಕ್‌ಗೆ ಕೆಲಸ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ಕೆಸರು ಮೆತ್ತಿಕೊಂಡು ಒದ್ದೆಯಲ್ಲೇ ನಿಂತರೆ, ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತಿ ಹಿಡಿಯುವ ಕ್ಯಾಲಿಪರ್ ಜಾರಬೇಕಾದ ಪಿನ್‌ಗಳು ಬಿಗಿದುಕೊಳ್ಳುತ್ತವೆ. ಆಗ ಪ್ಯಾಡ್ ತಳ್ಳುವ ಪಿಸ್ಟನ್ ಕಡೆಯ ಒಳಪ್ಯಾಡ್ ಲೋಹ ಕಾಣುವಷ್ಟು ಸವೆದಿದ್ದರೂ ಹೊರಪ್ಯಾಡ್ ದಪ್ಪವಾಗಿಯೇ ಇರುತ್ತದೆ. ಚಕ್ರದ ಸಂದಿಯಿಂದ ಹೊರಗಿನದನ್ನಷ್ಟೇ ಇಣುಕಿ ನೋಡಿ ಸಂಪಾಜೆ ಘಾಟಿ ಇಳಿಯಬೇಡಿ.

ಪ್ಯಾಡ್ ಬದಲಿಸಿ ಪಿನ್ ಶುಚಿ ಮಾಡುವ ಕೆಲಸಕ್ಕೆ ನಾನು ಕಾಯುವುದು ಅಕ್ಟೋಬರ್, ನವೆಂಬರ್ ತಿಂಗಳಿಗೆ. ಕಾಫಿ ಒಣಗಿಸುವ ಕಣ ಆಗ ಖಾಲಿ. ಗಟ್ಟಿಯಾದ, ಮಟ್ಟಸವಾದ ಸಿಮೆಂಟ್ ನೆಲ ಸಿಗುತ್ತದೆ. ಕೊಯ್ಲು ಶುರುವಾದ ಮೇಲೆ ಅಲ್ಲಿ ಒಂದು ಹನಿ ಬ್ರೇಕ್ ಆಯಿಲ್ ಕೂಡ ಬೀಳಬಾರದು.

ಹ್ಯಾಂಡ್‌ಬ್ರೇಕ್ ಇಳಿಸಿಯೇ ಇರಬೇಕು, ಆದ್ದರಿಂದ ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ನಟ್ ಸಡಿಲಿಸಿ, ಆಮೇಲೆ ಜಾಕ್ ಏರಿಸಿ, ಸ್ಟ್ಯಾಂಡ್ ಇಡಿ. ಸಿಮೆಂಟ್ ಬ್ಲಾಕ್ ಬೇಡವೇ ಬೇಡ. ಅದು ಸುಳಿವು ಕೊಡದೆ ಒಡೆಯುತ್ತದೆ. ಬಟನ್ ಹ್ಯಾಂಡ್‌ಬ್ರೇಕ್ ಇರುವ ಕಾರಾದರೆ ಮೊದಲು ಅದನ್ನು ಸರ್ವಿಸ್ ಮೋಡ್‌ಗೆ, ಅಂದರೆ ಪಿಸ್ಟನ್ ಹಿಂದೆ ಸರಿಯಲು ಬಿಡುವ ಸ್ಥಿತಿಗೆ, ತರಬೇಕು. ಅದು ಆಗದಿದ್ದರೆ ಕೈ ಹಾಕದೆ ಗ್ಯಾರೇಜಿಗೆ ಕೊಡಿ.

ಒಂದು ಕಡೆ ಮುಗಿಸಿ ಇನ್ನೊಂದನ್ನು ಬಿಚ್ಚಿ. ಜೋಡಣೆ ಮರೆತರೆ ನೋಡಿಕೊಳ್ಳಬಹುದು. ಬಿಚ್ಚಿದ ಕ್ಯಾಲಿಪರನ್ನು ತಂತಿಯಿಂದ ಕಟ್ಟಿ ತೂಗುಹಾಕಿ, ಅದರ ಭಾರ ರಬ್ಬರ್ ಪೈಪಿನ ಮೇಲೆ ಬೀಳಬಾರದು. ಕೇಬಲ್ ಹ್ಯಾಂಡ್‌ಬ್ರೇಕ್ ಕ್ಯಾಲಿಪರ್‌ಗೇ ಸೇರಿದ್ದರೆ ಪಿಸ್ಟನ್ ಬರಿದೇ ಒತ್ತಿದರೆ ಒಳಗೆ ಹೋಗುವುದಿಲ್ಲ. ಒತ್ತುತ್ತಲೇ ತಿರುಗಿಸಬೇಕು, ಸಾಮಾನ್ಯವಾಗಿ ಗಡಿಯಾರದ ಮುಳ್ಳಿನ ದಿಕ್ಕಿಗೆ. ಇದಕ್ಕೆಂದೇ ಇರುವ ಉಪಕರಣ ಕೊಳ್ಳುವುದು ಒಳ್ಳೆಯದು. ಕೊನೆಗೆ ಪಿಸ್ಟನ್ ಮುಖದ ಕಚ್ಚು ಪ್ಯಾಡ್ ಹಿಂದಿನ ಗುಬುಟಿಗೆ ಹೊಂದಬೇಕು. ಪಿಸ್ಟನ್ ಒಳಗೆ ಹೋದಂತೆ ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಆಯಿಲ್ ಏರುತ್ತದೆ, ಉಕ್ಕದಂತೆ ಗಮನಿಸಿ. ಅದು ಕಾರಿನ ಬಣ್ಣವನ್ನು ತಿನ್ನುತ್ತದೆ.

ಇನ್ನು ಪಿನ್‌ಗಳು. ಹೊಸ ಪ್ಯಾಡ್ ಕೂರಿಸುವ ಆತುರದಲ್ಲಿ ಇವನ್ನು ಬಿಟ್ಟರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಎರಡನ್ನೂ ಹೊರಗೆಳೆದು ಹಳೆಯ ಗ್ರೀಸ್ ಒರೆಸಿ, ತುಕ್ಕಿನ ಕಲೆ ತೆಗೆದು, ಕೂರುವ ತೂತನ್ನೂ ಶುಚಿ ಮಾಡಿ. ಗುಳಿ ಬಿದ್ದ ಪಿನ್ ಬದಲಿಸಿ. ರಬ್ಬರ್ ಮುಸುಕು ಹರಿದಿದ್ದರೆ ಅದೂ ಹೊಸದಾಗಬೇಕು, ಮುಂದಿನ ಮಳೆಗಾಲದ ನೀರು ನುಗ್ಗುವುದು ಅಲ್ಲಿಂದಲೇ. ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಹಚ್ಚಿ. ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಬೆರಳಿನಿಂದ ತಳ್ಳಿದರೆ ಪಿನ್ ಸರಾಗವಾಗಿ ಜಾರಬೇಕು. ಪ್ಯಾಡ್ ಕೂರುವ ಅಂಚುಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ. ಧೂಳನ್ನು ಊದಬೇಡಿ, ಬ್ರೇಕ್ ಕ್ಲೀನರ್ ಹೊಡೆದು ಒರೆಸಿ.

ಡಿಸ್ಕ್ ಮೇಲೆ ಅದರ ಕನಿಷ್ಠ ದಪ್ಪವನ್ನು ಕೊರೆದಿರುತ್ತಾರೆ. ಅದಕ್ಕಿಂತ ತೆಳುವಾಗಿದ್ದರೆ ಎರಡೂ ಕಡೆಯ ಡಿಸ್ಕ್ ಬದಲಿಸಿ. ಹೊಸ ಡಿಸ್ಕ್‌ಗೆ ಸವರಿದ ಎಣ್ಣೆಯನ್ನು ಪೂರ್ತಿ ತೊಳೆಯಬೇಕು.

ಎಲ್ಲ ಬಿಗಿದ ಮೇಲೆ, ಕಾರು ಅಲುಗಿಸುವ ಮೊದಲೇ, ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ. ಮೊದಲ ತುಳಿತಗಳು ಪೊಳ್ಳಾಗಿ ಒಳಗೆ ಹೋಗುತ್ತವೆ. ಆಯಿಲ್ ಮಟ್ಟ ನೋಡಿ, ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆಯೇ ಪರೀಕ್ಷಿಸಿ. ಮೊದಲ ಓಟ ಘಾಟಿಯಲ್ಲಿ ಬೇಡ. ವಾಹನ ಕಡಿಮೆ ಇರುವ ಸಮರಸ್ತೆಯಲ್ಲಿ ಮಧ್ಯಮ ವೇಗದಿಂದ ಹದವಾಗಿ ಹಲವು ಸಲ ಬ್ರೇಕ್ ಹಾಕಿ, ನಡುನಡುವೆ ತಣಿಯಲು ಬಿಡಿ. ಹಿಂದಿರುಗಿ ಬಂದು ಚಕ್ರದ ನಟ್‌ಗಳನ್ನು ಮತ್ತೆ ಪರೀಕ್ಷಿಸಿ, ಎರಡೂ ಹಿಂದಿನ ಚಕ್ರಗಳ ಹತ್ತಿರ ಮುಟ್ಟದೆ ಕೈ ಹಿಡಿಯಿರಿ. ಒಂದು ಕಡೆ ಮಾತ್ರ ಹೆಚ್ಚು ಬಿಸಿ ಬರುತ್ತಿದ್ದರೆ ಅಲ್ಲಿ ಪಿನ್, ಪಿಸ್ಟನ್ ಅಥವಾ ಹ್ಯಾಂಡ್‌ಬ್ರೇಕ್ ಕೇಬಲ್ ಇನ್ನೂ ಹಿಡಿದುಕೊಂಡಿದೆ. ಆ ಚಕ್ರವನ್ನು ಮತ್ತೆ ಬಿಚ್ಚಿ.