ಸಾವಿನ ಮನೆಯಲ್ಲಿ ಹೆಂಗಸರ ಪಾಲಿನ ಕೆಲಸ

ಹಾಸನ ಸೀಮೆಯ ನಮ್ಮ ನೆಂಟರಿಷ್ಟರಲ್ಲಿ ಹೆಂಗಸರು ಸ್ಮಶಾನದವರೆಗೆ ಹೋಗುವ ರೂಢಿ ಇಂದಿಗೂ ಕಡಿಮೆ. ಹೆಣ ಎತ್ತುವ ಮೊದಲೂ ಎತ್ತಿದ ಮೇಲೂ ಮನೆಯೊಳಗೆ ಉಳಿದವರ ಜೊತೆಗೇ ನಾವು ಇರುವುದರಿಂದ, ಸಾವಿನ ಮನೆಯ ಅರ್ಧ ಹೊಣೆ ನಮ್ಮದೇ ಎಂದು ನಾನು ತಿಳಿದಿದ್ದೇನೆ.

ಸುದ್ದಿ ಬಂದಾಗ ಮಣ್ಣು ಎಷ್ಟು ಹೊತ್ತಿಗೆ ಎಂಬುದನ್ನು ಆ ಮನೆಯವರಿಗೆ ಫೋನು ಮಾಡಿ ಕೇಳುವುದಿಲ್ಲ, ಅಕ್ಕಪಕ್ಕದವರನ್ನು ಕೇಳುತ್ತೇನೆ. ಮಕ್ಕಳು ಬೆಂಗಳೂರಿನಿಂದ ಬರಬೇಕಾಗಿದ್ದರೆ ಫ್ರೀಜರ್ ಪೆಟ್ಟಿಗೆ ತರಿಸುತ್ತಾರೆ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಮಳೆಗಾಲದಲ್ಲಿ ಕರೆಂಟು ಆಗಾಗ ಹೋಗುವುದರಿಂದ ಜನರೇಟರಿಗೆ ಯಾರಾದರೂ ಹೇಳಿದ್ದಾರೆಯೇ ಎಂದು ಆಗಲೇ ವಿಚಾರಿಸುತ್ತೇನೆ. ತೀರಿಕೊಂಡವರು ಕಣ್ಣು ಕೊಡಬೇಕೆಂದು ಹೇಳಿದ್ದರೆ ಆರು ಗಂಟೆಯೊಳಗೆ ನೇತ್ರ ಬ್ಯಾಂಕಿನವರು ಬರಬೇಕು, ಅಲ್ಲಿಯವರೆಗೆ ಫ್ಯಾನು ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟಿರಬೇಕು. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣು ದಾನ ಮಾಡಿದ ಮೇಲೆ ಈ ಮಾತು ಎತ್ತಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಆದರೆ ಆ ಗಡಿಬಿಡಿಯಲ್ಲಿ ಮನೆಯವರಿಗೆ ಅದು ನೆನಪಾಗುವುದಿಲ್ಲ, ಹೊರಗಿನಿಂದ ಬಂದವರೇ ನೆನಪಿಸಬೇಕು.

ಹೆಣ ಇರುವ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಮನೆಯಿಂದ ಕಾಫಿ, ಉಪ್ಪಿಟ್ಟು ಬರುತ್ತದೆ, ಬಂದವರು ತಿನ್ನುತ್ತಾರೆ, ಹತ್ತಿರದವರು ಮುಟ್ಟುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಅವರಲ್ಲೇ ಇರುತ್ತಾರೆ. ನಾನು ಹೋದ ಕಡೆಯೆಲ್ಲ ಮೊದಲು ಆ ಮಾತ್ರೆಗಳು ಎಲ್ಲಿವೆ ಎಂದು ಹುಡುಕುತ್ತೇನೆ, ಎರಡು ತುತ್ತು ತಿನ್ನಿಸಿಯೇ ಕೊಡುತ್ತೇನೆ. ಸಮಾಧಾನದ ಮಾತು ನನಗೆ ಹೆಚ್ಚು ಬರುವುದಿಲ್ಲ, ಅದರ ಅಗತ್ಯವೂ ಅಷ್ಟಿಲ್ಲ. ಗಂಡನನ್ನು ಕಳೆದುಕೊಂಡವಳಿಗೆ ‘ವಿಧಿ, ಏನು ಮಾಡುವುದಕ್ಕಾಗುತ್ತದೆ’ ಎಂದು ಹತ್ತಾರು ಜನ ಹೇಳಿಯೇ ಇರುತ್ತಾರೆ.

ಗಂಡಸರು ಹೊರಟ ಮೇಲೆ ಮನೆಯನ್ನು ತೊಳೆದು, ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚುತ್ತೇವೆ. ಮಣ್ಣು ಮಾಡಿ ಬಂದವರು ಕಾಲು ತೊಳೆದು, ದೀಪ ನೋಡಿ, ‘ಹೋಗಿಬರುತ್ತೇವೆ’ ಎನ್ನದೆ ಹೊರಡುತ್ತಾರೆ. ಎಲ್ಲ ಮನೆಗಳ ಕ್ರಮವೂ ಒಂದೇ ಅಲ್ಲ. ಲಿಂಗಾಯತರ ಮನೆಗಳಲ್ಲಿ ಶರೀರವನ್ನು ಕೂರಿಸಿ ವಿಭೂತಿ, ಬಿಲ್ವಪತ್ರೆಯೊಂದಿಗೆ ಸಮಾಧಿ ಮಾಡುತ್ತಾರೆ, ಶರಣ ತತ್ವವನ್ನು ಪಾಲಿಸುವವರು ಸೂತಕವನ್ನೂ ಒಪ್ಪುವುದಿಲ್ಲ. ಮುಸ್ಲಿಂ ಗೆಳತಿಯರ ಮನೆಯಲ್ಲಿ ಆದಷ್ಟು ಬೇಗ ದಫನ ಮಾಡುವುದರಿಂದ ಸುದ್ದಿ ಕೇಳಿದ ಗಳಿಗೆಯಲ್ಲೇ ಹೊರಡಬೇಕು. ಅಲ್ಲಿ ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಎಂಬ ಶೋಕದ ಅವಧಿಯಲ್ಲಿ ಮನೆಯಲ್ಲೇ ಇರುತ್ತಾಳೆ. ಆ ದಿನಗಳಲ್ಲಿ ಆಗಾಗ ಹೋಗಿ ಕೂತು ಬರುತ್ತೇನೆ.

ನಮ್ಮಲ್ಲಿ ಮೂರನೆಯ ದಿನ ಹಾಲು ತುಪ್ಪ, ಹನ್ನೊಂದನೆಯ ದಿನ ತಿಥಿ. ನನಗೆ ಬಹಳ ಸಂಕಟ ತರುತ್ತಿದ್ದುದು ತಿಥಿಯ ಹೊತ್ತಿನಲ್ಲಿ ಹೆಂಡತಿಯ ಬಳೆ ಒಡೆದು ಕುಂಕುಮ ಅಳಿಸುವ ಶಾಸ್ತ್ರ. ಎಲ್ಲರೆದುರು ವಿರೋಧಿಸಿದರೆ ಹಿರಿಯರು ಪಟ್ಟು ಹಿಡಿಯುತ್ತಾರೆ, ಆಮೇಲೆ ಮನಸ್ಸಿದ್ದರೂ ಹಿಂದೆ ಸರಿಯಲಾರರು. ಆದ್ದರಿಂದ ಹಿಂದಿನ ದಿನವೇ ಆ ಮನೆಯ ಹಿರಿಯ ಹೆಂಗಸೊಬ್ಬರನ್ನು ಒಂಟಿಯಾಗಿ ಕಂಡು ಮಾತಾಡುತ್ತೇನೆ. 2022ರಲ್ಲಿ ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಯ ಹೇರವಾಡ ಎಂಬ ಊರಿನವರು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಈ ಪದ್ಧತಿಯನ್ನು ಕೈಬಿಟ್ಟ ಸುದ್ದಿಯನ್ನು ಹಲವರಿಗೆ ಹೇಳಿದ್ದೇನೆ. ಇಡೀ ಊರೇ ಬಿಟ್ಟಿದೆ ಎಂದರೆ ಹಿರಿಯರಿಗೆ ಧೈರ್ಯ ಬರುತ್ತದೆ.

ಸಕಲೇಶಪುರದ ಕಡೆಯ ಗೆಳತಿಯೊಬ್ಬಳ ಮನೆಯಲ್ಲಿ ಆ ಸುದ್ದಿಯೂ ಬೇಕಾಗಲಿಲ್ಲ. ಹಿತ್ತಿಲಲ್ಲಿ ಎಲೆ ಒರೆಸುತ್ತ ಕೂತಿದ್ದ ಅವಳ ದೊಡ್ಡತ್ತೆಯ ಪಕ್ಕ ಕೂತು, ನಾನೂ ಒಂದಷ್ಟು ಎಲೆ ಒರೆಸಿ, ಕೊನೆಗೆ, “ಅತ್ತೆ, ನಾಳೆ ಅವಳ ಕೈಗೆ ಯಾರೂ ಕೈ ಹಾಕೋದು ಬೇಡ. ತೆಗೀಬೇಕು ಅನ್ಸಿದ್ರೆ ಅವಳೇ ತೆಗೀಲಿ” ಎಂದೆ. ಅವರು ಕೈಯಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟು, ಸೀರೆಯ ಸೆರಗು ಸರಿಸಿ ಬಲಗೈಯ ಮಣಿಕಟ್ಟು ತೋರಿಸಿದರು. ಹಳೆಯ ಗಾಯದ ಬಿಳಿ ಗೆರೆ ಓರೆಯಾಗಿ ಹಾದುಹೋಗಿತ್ತು. “ನಂಗೆ ಕಲ್ಲಲ್ಲಿ ಒಡೆದ್ರು ಕಣವ್ವ. ಇವ್ಳಿಗೆ ಬ್ಯಾಡ ಬಿಡು” ಎಂದರು. ಮರುದಿನ ಬೆಳಿಗ್ಗೆ ಯಾರೋ ಶಾಸ್ತ್ರ ನೆನಪಿಸಿದಾಗ, ನಾನು ಬಾಯಿ ಬಿಡುವ ಮೊದಲೇ ಅವರು ‘ಆಯ್ತು, ಎಡೆ ಇಡ್ರಿ’ ಎಂದು ಮುಂದಿನ ಕೆಲಸಕ್ಕೆ ಎಲ್ಲರನ್ನೂ ಎಬ್ಬಿಸಿದರು. ಗೆಳತಿ ಬಳೆ ತೊಟ್ಟ ಕೈಯಲ್ಲೇ ಗಂಡನ ಫೋಟೋಗೆ ಹೂವು ಮುಡಿಸಿದಳು.

ತಿಥಿಯ ಊಟ ಮುಗಿದರೆ ನೆಂಟರು ಖಾಲಿಯಾಗುತ್ತಾರೆ. ನನ್ನ ಪ್ರಕಾರ ನಿಜವಾಗಿ ಹೋಗಬೇಕಾದದ್ದು ಆಗ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ಆದ ಸಾವನ್ನು ಆಸ್ಪತ್ರೆಯವರೇ ತಿಳಿಸುತ್ತಾರೆ, ಮನೆಯಲ್ಲಿ ಆದದ್ದನ್ನು ಮನೆಯವರೇ ತಿಳಿಸಬೇಕು. ಮರಣ ಪ್ರಮಾಣಪತ್ರದ ಪ್ರತಿಗಳನ್ನು ಒಟ್ಟಿಗೇ ಹೆಚ್ಚಾಗಿ ತೆಗೆದುಕೊಳ್ಳುವಂತೆ ಹೇಳುತ್ತೇನೆ; ಬ್ಯಾಂಕಿಗೆ, ವಿಮೆಗೆ, ವಿಧವಾ ವೇತನಕ್ಕೆ ಎಲ್ಲದಕ್ಕೂ ಅದು ಬೇಕು. ಗಂಡನನ್ನು ಕಳೆದುಕೊಂಡವಳಿಗೆ ಓಡಾಡುವ ಅಭ್ಯಾಸವಿಲ್ಲದಿದ್ದರೆ ನಾಡಕಚೇರಿಗೆ ಜೊತೆಯಲ್ಲಿ ಹೋಗುತ್ತೇನೆ. ಜಮೀನಿದ್ದರೆ ವಂಶವೃಕ್ಷ ಮಾಡಿಸಿ, ಅದನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅರ್ಜಿ ಹಾಕಬೇಕು. ಇಲ್ಲಿಯೇ ಎಚ್ಚರ ಹೆಚ್ಚು ಬೇಕು: ‘ಅಮ್ಮನಿಗೆ ಯಾಕೆ ತೊಂದರೆ’ ಎಂದು ಗಂಡುಮಕ್ಕಳ ಹೆಸರಿಗಷ್ಟೇ ಬರೆಸುವವರಿದ್ದಾರೆ. ಉಯಿಲು ಬರೆಯದೆ ಗಂಡ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವನ ಪಾಲಿನಲ್ಲಿ ಹೆಂಡತಿಗೂ ಮಕ್ಕಳಷ್ಟೇ ಹಕ್ಕಿದೆ. ಅರ್ಜಿಗೆ ಸಹಿ ಬೀಳುವ ಮೊದಲು ಅದನ್ನು ಗಟ್ಟಿಯಾಗಿ ಓದಿಸಿ, ಅವಳ ಹೆಸರು ಅದರಲ್ಲಿದೆಯೇ ಎಂದು ನೋಡಿಕೊಂಡೇ ನಾನು ಅಲ್ಲಿಂದ ಏಳುವುದು.