ಡಿಪ್ ಪೆನ್ನಿನ ಗೆರೆ ತುಂಡಾಗುತ್ತಿದ್ದರೆ
ಇಂಕಿಗೆ ಅದ್ದಿ ಬರೆಯುವ ಡಿಪ್ ಪೆನ್ನಿನಲ್ಲಿ ಕ್ರಾಸ್‌ಹ್ಯಾಚಿಂಗ್ (ಗೆರೆಗಳ ಮೇಲೆ ಅಡ್ಡ ಗೆರೆ ಹಾಕಿ ನೆರಳು ತೋರಿಸುವುದು) ಶುರು ಮಾಡಿದೆ. ಹೊಸ ನಿಬ್ಬಿನ ಮೇಲೆ ಇಂಕು ಹರಡದೆ ಹನಿಹನಿಯಾಗಿ ಕೂರುತ್ತಿತ್ತು. ಗೆರೆ ಅರ್ಧಕ್ಕೇ ತುಂಡು, ಇಲ್ಲವೇ ದೊಡ್ಡ ಮಚ್ಚೆ.

ಇಂಕು ಬದಲಿಸಿದೆ, ನೀರು ಬೆರೆಸಿದೆ. ಉಪಯೋಗವಾಗಲಿಲ್ಲ. ಜಾಸ್ತಿ ಒತ್ತಿದರೆ ನಿಬ್ಬಿನ ಸೀಳು ಅಗಲವಾಯಿತು, ಅಷ್ಟೇ.

ತುಕ್ಕು ಹಿಡಿಯದಿರಲಿ ಅಂತ ಹೊಸ ನಿಬ್ಬಿಗೆ ತೆಳುವಾಗಿ ಎಣ್ಣೆ ಸವರಿರುತ್ತಾರೆ. ಅದನ್ನು ತೆಗೆಯಬೇಕು. ಟೂತ್‌ಪೇಸ್ಟ್ ಹಚ್ಚಿ, ಹಳೇ ಬ್ರಷ್ಷಿನಿಂದ ಎರಡೂ ಬದಿ ಉಜ್ಜಿ, ತೊಳೆದು, ಪೂರ್ತಿ ಒರೆಸಿ. (ಬೆಂಕಿಗೆ ಹಿಡಿಯುವವರೂ ಇದ್ದಾರೆ. ಬೇಡ, ಉಕ್ಕು ಮೆತ್ತಗಾಗುತ್ತದೆ.) ಆಮೇಲೆ ನಿಬ್ಬಿನ ನಡುವಿನ ತೂತು ಮುಳುಗುವಷ್ಟೇ ಅದ್ದಿ, ಬಾಟಲಿಯ ಅಂಚಿಗೆ ತಾಗಿಸಿ ಹೆಚ್ಚಿನ ಇಂಕು ಇಳಿಸಿ. ಗೆರೆಯನ್ನು ನಿಮ್ಮ ಕಡೆಗೆ ಎಳೆಯಿರಿ, ತಳ್ಳಬೇಡಿ. ಬೇಕಾದರೆ ಹಾಳೆಯನ್ನೇ ತಿರುಗಿಸಿ. ಗೆರೆಗಳ ಮೊದಲ ಸಾಲು ಒಣಗಿದ ಮೇಲೆ ಎರಡನೆಯದನ್ನು ಅದಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ಹಾಕಿ. 90 ಡಿಗ್ರಿಗೆ ಹಾಕಿದರೆ ಸೊಳ್ಳೆಪರದೆಯ ತರಹ ಕಾಣುತ್ತದೆ.