ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ದೂರ ಮತ್ತು ಹೊತ್ತನ್ನು ನಾನು ಲೆಕ್ಕ ಹಾಕುವ ಬಗೆ

ವಿಮಾನದ ಟಿಕೆಟ್ ಕಾಯ್ದಿರಿಸಿಕೊಡುವುದು ನನ್ನ ವೃತ್ತಿ. ಕ್ಯಾಲಿಫೋರ್ನಿಯಾದಲ್ಲಿರುವ ಮಕ್ಕಳ ಮನೆಗೆ ಮೊದಲ ಬಾರಿ ಹೊರಟ ಹಿರಿಯರು ಎಷ್ಟು ದೂರ, ಎಷ್ಟು ಹೊತ್ತು ಕೂರಬೇಕು ಎಂದು ಕೇಳಿದಾಗ, ಅವರಿಗೆ ನಂಬಿಕೆಯ ಉತ್ತರ ಕೊಡಬೇಕೆಂದು ನಾನೇ ಕಾಗದದ ಮೇಲೆ ಲೆಕ್ಕ ಹಾಕುತ್ತೇನೆ.

ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ ಮತ್ತು ರೇಖಾಂಶಗಳನ್ನು ಬರೆದುಕೊಂಡು, ಗೋಲೀಯ ತ್ರಿಕೋನಮಿತಿಯ, ಎಂದರೆ ಗೋಳದ ಮೇಲಿನ ತ್ರಿಕೋನಗಳ ಗಣಿತದ, ಕೊಸೈನ್ ಸೂತ್ರಕ್ಕೆ ಹಾಕಿದರೆ ಭೂಮಿಯ ಕೇಂದ್ರದಲ್ಲಿ ಅವುಗಳ ನಡುವಿನ ಕೋನ ಸುಮಾರು 125.8 ಡಿಗ್ರಿ ಬರುತ್ತದೆ. ಡಿಗ್ರಿಯೊಂದಕ್ಕೆ 111.2 ಕಿ.ಮೀ.ಯಂತೆ ದೂರ ಸುಮಾರು 13,990 ಕಿ.ಮೀ. ಗೋಡೆಗೆ ತೂಗುಹಾಕುವ, ದುಂಡನೆಯ ಭೂಮಿಯನ್ನು ಚಪ್ಪಟೆಯಾಗಿ ತೋರಿಸುವ ಮರ್ಕೇಟರ್ ಭೂಪಟದಲ್ಲಿ ನೇರವಾಗಿ ಕಾಣುವ, ಪೆಸಿಫಿಕ್ ಸಾಗರವನ್ನು ದಾಟುವ ದಾರಿಯನ್ನು ಹಿಡಿದರೆ ಇದೇ ಪ್ರಯಾಣ 16,100 ಕಿ.ಮೀ. ದಾಟುತ್ತದೆ. ಗೋಳದ ಮೇಲೆ ದಾರ ಬಿಗಿದು ನೋಡಿದಾಗ ಅತಿ ಹತ್ತಿರದ ದಾರಿ ಟಿಬೆಟ್, ಸೈಬೀರಿಯಾಗಳ ಮೇಲೆ 71 ಡಿಗ್ರಿ ಉತ್ತರದವರೆಗೆ ಏರಿ ಅಲಾಸ್ಕಾದ ಕಡೆಗೆ ಇಳಿಯುವುದನ್ನು ಹಿರಿಯರು ಬೆರಗಿನಿಂದ ನೋಡುತ್ತಾರೆ. ಉತ್ತರ ಧ್ರುವದ ಮೇಲೆಯೇ ಹೋದರೂ ಹೆಚ್ಚಾಗುವುದು 400 ಕಿ.ಮೀ.ಗೂ ಕಡಿಮೆ ಎಂಬುದು ಈ ಲೆಕ್ಕದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. 2021ರ ಜನವರಿ 9ರಂದು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ ಬೋಯಿಂಗ್ 777 ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವದ ಮೇಲೆಯೇ ಹಾರಿಸಿಕೊಂಡು ಜನವರಿ 11ರ ನಸುಕಿನಲ್ಲಿ ಬೆಂಗಳೂರಿಗೆ ತಂದಿಳಿಸಿದರು.

ಆದರೆ ದಾರದ ದಾರಿಯಲ್ಲೇ ವಿಮಾನ ಹಾರುವುದಿಲ್ಲ. ಕ್ಯಾಬಿನ್ನಿನ ಒತ್ತಡ ತಪ್ಪಿದರೆ ವಿಮಾನ ಬೇಗನೆ 10,000 ಅಡಿಗೆ ಇಳಿಯಬೇಕು. ಟಿಬೆಟ್ಟಿನ ನೆಲವೇ ಅದಕ್ಕಿಂತ ಎತ್ತರವಿರುವುದರಿಂದ ಸಾಮಾನ್ಯವಾಗಿ ಅದನ್ನು ಬಿಟ್ಟು ಸುತ್ತುಹಾಕಿಕೊಂಡೇ ಹೋಗುತ್ತಾರೆ. 2022ರಿಂದ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶವೂ ಮುಚ್ಚಿದೆ.

ಹೊತ್ತಿಗಾಗಿ, ಗಂಟೆಗೆ 900 ಕಿ.ಮೀ.ಯಂತೆ ದೂರವನ್ನು ಭಾಗಿಸಿ, ವಿಮಾನ ಏರಿ ಇಳಿಯುವುದಕ್ಕೂ ರನ್‌ವೇ ಸರದಿಗೂ ಅರ್ಧದಿಂದ ಒಂದು ಗಂಟೆ ಸೇರಿಸುತ್ತೇನೆ. ತಡೆರಹಿತ ಹಾರಾಟಕ್ಕೆ ಹೀಗೆ ಸುಮಾರು 16 ಗಂಟೆ ಬರುತ್ತದೆ. ಜೆಟ್ ಸ್ಟ್ರೀಮ್, ಎಂದರೆ ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿ, ಎದುರಾದರೆ ಮರಳುವಾಗ ಇದಕ್ಕಿಂತ ಒಂದು ಗಂಟೆಗೂ ಮಿಕ್ಕಿ ಹೆಚ್ಚು ಹೊತ್ತು ತಗಲಬಹುದು. ಫ್ರಾಂಕ್‌ಫರ್ಟ್ ಮೂಲಕವಾದರೆ 7,400 ಮತ್ತು 9,150 ಕಿ.ಮೀ.ಗಳ ಎರಡು ಹಾರಾಟಗಳು, ನಡುವೆ ಮೂರು ಗಂಟೆ ಕಾಯುವಿಕೆ. ಒಟ್ಟು ಒಂದು ಪೂರ್ತಿ ದಿನ. ಮಂಡಿನೋವಿರುವವರಿಗೆ ನಾನು ಇದನ್ನೇ ಹೇಳುತ್ತೇನೆ, ಏಕೆಂದರೆ ನಡುವೆ ಎದ್ದು ನಡೆಯಲು ಸಿಗುವ ಬಿಡುವು ಉಳಿತಾಯವಾಗುವ ಗಂಟೆಗಳಿಗಿಂತ ಮುಖ್ಯ.

ಟಿಕೆಟ್ಟಿನ ಮೇಲಿರುವ ಹೊತ್ತುಗಳು ಆಯಾ ಊರಿನ ಗಡಿಯಾರದವು. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ 12 ಗಂಟೆ 30 ನಿಮಿಷ ಹಿಂದಿರುವುದರಿಂದ, ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದವರು ಅದೇ ಸೋಮವಾರ ಸಂಜೆ 5:30ಕ್ಕೆ ಇಳಿಯುತ್ತಾರೆ. ಚಳಿಗಾಲದಲ್ಲಿ ಅಂತರ 13 ಗಂಟೆ 30 ನಿಮಿಷವಾಗುತ್ತದೆ, ಆಗ ಇಳಿಯುವುದು 4:30ಕ್ಕೆ. ಕರೆದುಕೊಂಡು ಹೋಗಲು ಬರುವ ಮಕ್ಕಳಿಗೆ ಈ ಹೊತ್ತನ್ನು ತಾರೀಖಿನ ಸಮೇತ ಬರೆದೇ ಕಳುಹಿಸುತ್ತೇನೆ.